ಭರಣಿಯ ತಳದ ಗೊಜ್ಜು

ಪುಳಿಯೋಗರೆ ಗೊಜ್ಜು ಭರಣಿಯ ತಳಕ್ಕೆ ಬಂದಿತ್ತು. ಚಮಚ ಹಾಕಿ ಕೆರೆದರೆ ಒಬ್ಬರ ಅನ್ನಕ್ಕೆ ಸಾಕಾಗುವಷ್ಟು, ಅದೂ ಆ ಒಬ್ಬರು ಹೆಚ್ಚು ಆಸೆಪಡದಿದ್ದರೆ. ಗಂಗಾಧರಸ್ವಾಮಿಯವರು ಆ ದಿನ ಪಟ್ಟ ಪಾಡಿಗೆಲ್ಲ ಅಷ್ಟು ಗೊಜ್ಜೇ ಕಾರಣ.

ನಂಜನಗೂಡಿನ ಬಜಾರಿನಲ್ಲಿ ಹಿಂಡಿ ಬೂಸಾ ಅಂಗಡಿ ಇಟ್ಟಿರುವ ಸ್ವಾಮಿಯವರ ಹೆಂಡತಿ ಸರ್ವಮಂಗಳಾ ಶಿವರಾತ್ರಿ ಕಳೆದ ಮೇಲೆ ತೀರಿಕೊಂಡರು. ಎದೆ ನೋವು ಅಂದರು, ನೀರು ಕೊಡಿ ಅಂದರು, ನೀರು ತರುವಷ್ಟರಲ್ಲಿ ಹೊರಟೇ ಹೋಗಿದ್ದರು. ಸೀರೆಗಳನ್ನು ತಂಗಿಯರು ಹಂಚಿಕೊಂಡರು. ಮನೆಯಲ್ಲಿ ಆಕೆಯದು ಅಂತ ಉಳಿದದ್ದು ಗೋಡೆಯ ಫೋಟೋ ಮತ್ತು ಫ್ರಿಜ್ಜಿನೊಳಗಿನ ಭರಣಿ. ಫೋಟೋದಲ್ಲಿ ಆಕೆ ಯಾರೋ ದೂರದ ನೆಂಟರ ಹಾಗೆ ಬಿಗಿಯಾಗಿ ಕೂತಿದ್ದರು. ಗೊಜ್ಜಿನಲ್ಲಿ ಮಾತ್ರ ಇನ್ನೂ ಮನೆಯವರಾಗಿದ್ದರು. ಸ್ವಾಮಿಯವರು ಸೋಮವಾರಕ್ಕೊಮ್ಮೆ ಚೂರೇ ಚೂರು ಅನ್ನಕ್ಕೆ ಕಲಸಿಕೊಂಡು, ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದರು.

ಅಂಗಡಿಗೆ ಬಂದವರಿಗೆಲ್ಲ "ನಮ್ಮ ಮನೆಯವಳ ಪುಳಿಯೋಗರೆ ಮುಂದೆ ಮಿಕ್ಕಿದ್ದೆಲ್ಲ ಬೂಸಾ" ಅಂತ ಹೇಳಿಕೊಂಡು ಬಂದ ಮನುಷ್ಯ ಅವರು. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯನ್ನು ಹೊಗಳಿದ್ದು ಅದೊಂದಕ್ಕೇ ಅನ್ನುವುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಬೀದಿಯವರೆಲ್ಲ ಸೇರಿ ವರ್ಷಕ್ಕೊಂದು ದಿನ ಸೋಮನಾಥಪುರ ನೋಡಿ, ಸಂಜೆ ಟಿ. ನರಸೀಪುರದ ಸಂಗಮದಲ್ಲಿ ಕಾಲು ನೆನೆಸಿ ಬರುವುದು ರೂಢಿ. ಮನೆಗೊಂದು ತಿಂಡಿ, ಮನೆಯಲ್ಲೇ ಮಾಡಿರಬೇಕು, ಎಲ್ಲ ಡಬ್ಬಿಗಳನ್ನೂ ನಡುವೆ ಇಟ್ಟು ಹಂಚಿಕೊಳ್ಳಬೇಕು. ಸರ್ವಮಂಗಳಾ ಮಾತ್ರ ಪ್ರತಿ ಸಲವೂ ಒಂದು ಪುಟ್ಟ ಡಬ್ಬಿಯನ್ನು ಯಾರ ಕಣ್ಣಿಗೂ ಬೀಳದಂತೆ ಎತ್ತಿಟ್ಟು, ಸಂಗಮದ ಮೆಟ್ಟಿಲ ಮೇಲೆ ಗಂಡನ ಮುಂದೆ ತೆರೆಯುತ್ತಿದ್ದರು. ಇಬ್ಬರೂ ಒಂದೇ ಡಬ್ಬಿಗೆ ಕೈ ಹಾಕಿ ತಿನ್ನುತ್ತಿದ್ದದ್ದು ವರ್ಷದಲ್ಲಿ ಅದೊಂದು ಹೊತ್ತು. ಈ ಸಲ ಕೊನೆಯ ಗೊಜ್ಜನ್ನು ಅದೇ ಮೆಟ್ಟಿಲ ಮೇಲೆ ಒಬ್ಬರೇ ಕೂತು ತಿನ್ನಬೇಕು, ಆಕೆಗೆ ಸರಿಯಾಗಿ ಹೋಗಿ ಬಾ ಅನ್ನಬೇಕು ಅಂತ ಸ್ವಾಮಿಯವರ ಆಸೆ. ಆಕೆ ತೀರಿಕೊಂಡ ದಿನ ಅದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ.

ಬೆಳಗ್ಗೆ ಎದ್ದು ಅನ್ನಕ್ಕಿಟ್ಟರು. ಅದು ಮುದ್ದೆಯಾಯಿತು. ಅದಕ್ಕೇ ಗೊಜ್ಜು ಕಲಸಿ, ಸ್ಟೀಲ್ ಡಬ್ಬಿಗೆ ತುಂಬಿ, ಟವೆಲ್ ಸುತ್ತಿ ಚೀಲದ ತಳಕ್ಕೆ ಸೇರಿಸಿದರು. ಬೀದಿಯವರ ಪಾಲಿಗೆ ಅಂತ ಬೇಕರಿಯಿಂದ ಖಾರದ ಬನ್ನು ತಂದರು.

ವ್ಯಾನು ಹೊರಡುತ್ತಿದ್ದಂತೆ ಎದುರು ಮನೆಯ ಪವಿತ್ರಾ ಬನ್ನಿನ ಪೊಟ್ಟಣ ನೋಡಿ ಮುಖ ಸಿಂಡರಿಸಿದಳು. "ಬೇಕರೀದಾ ಅಂಕಲ್? ಒಂದ್ ಮಾತು ಹೇಳಿದ್ರೆ ನಾನೇ ನಿಮ್ ಪಾಲಿಂದೂ ಮಾಡ್ಕೊಡ್ತಿದ್ದೆ."

ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಹಿಟ್ಟಿನ ಗಿರಣಿಯ ಚಿಕ್ಕಬಸಪ್ಪನ ಮೂಗು ಮೇಲೆದ್ದಿತು. "ಸ್ವಾಮ್ಯೋರೆ, ಪುಳಿಯೋಗರೆ ವಾಸ್ನೆ ಬತ್ತಾ ಅದೆ ಕಣ್ರೀ. ನಿಮ್ ಚೀಲದಿಂದ್ಲೇ."

"ನನ್ನ ಚೀಲದಲ್ಲಿ ಬನ್ನಿದೆ ಕಣಯ್ಯಾ."

"ಬನ್ನಿಗೆ ಯಾರಾದ್ರೂ ಇಂಗು ಆಕ್ತಾರಾ?"

ವ್ಯಾನಿನಲ್ಲಿದ್ದವರೆಲ್ಲ ಚೀಲದ ಕಡೆ ತಿರುಗಿದರು. ಆಗ ಕಾಪಾಡಿದವರು ಪಕ್ಕದ ಮನೆಯ ಜಲಜಮ್ಮ, ಪ್ರವಾಸದ ಯಜಮಾನಿಕೆ ವಹಿಸಿದ್ದ ನಿವೃತ್ತ ಮೇಷ್ಟ್ರು ಸುಬ್ರಹ್ಮಣ್ಯ ಅವರ ಹೆಂಡತಿ. ಸೀಟಿನಿಂದ ಬಗ್ಗಿ ಒಂದು ಡಬ್ಬಿ ಚಾಚಿ, "ಸ್ವಾಮಿಯವರೇ, ಹುಚ್ಚೆಳ್ಳು ಚಟ್ನಿಪುಡಿ. ನಿಮಗೇ ಅಂತ ತಂದಿದೀನಿ" ಅಂದರು.

ದಿನವಿಡೀ ಅಂಗಡಿಯಲ್ಲಿ ಹುಚ್ಚೆಳ್ಳು ಹಿಂಡಿಯ ಧೂಳು ಕುಡಿಯುವ ಸ್ವಾಮಿಯವರಿಗೆ ಆ ಹೆಸರು ಕೇಳಿದರೇ ಆಗುತ್ತಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅದು ದೇವರೇ ಕೊಟ್ಟ ದಾರಿಯಂತೆ ಕಂಡಿತು. ಮುಚ್ಚಳ ತೆಗೆದು, ಉಸಿರು ಬಿಗಿಹಿಡಿದು ಮೂಸಿದಂತೆ ಮಾಡಿ, "ಆಹಾ, ಏನ್ ಘಮ! ಇದೇ ಕಣೋ ಚಿಕ್ಕಬಸಪ್ಪಾ ನಿಂಗೆ ಬಂದ ವಾಸ್ನೆ! ತಗೋ, ಕೈಯೊಡ್ಡು. ಎಲ್ರೂ ತಗೊಳ್ಳಿ, ಸಂಕೋಚ ಬೇಡ" ಅಂತ ಡಬ್ಬಿಯನ್ನು ಹಿಂದಕ್ಕೆ ದಾಟಿಸಿಬಿಟ್ಟರು.

ಜಲಜಮ್ಮ ಅವರನ್ನೇ ನೋಡುತ್ತ ಕೂತರು. ಅವರ ಕಣ್ಣಲ್ಲಿ ನೀರಾಡಿತು. ಪುಡಿ ಖಾಲಿಯಾಗುತ್ತಲ್ಲ ಅಂತ ಸಂಕಟ ಇರಬೇಕು ಅಂದುಕೊಂಡ ಸ್ವಾಮಿಯವರಿಗೆ ಅಷ್ಟಿಷ್ಟು ನಾಚಿಕೆಯೂ ಆಯಿತು.

ಸೋಮನಾಥಪುರದಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಗೇಟಿನ ಕಾವಲಿನವನು ತಿಂಡಿ ಚೀಲ ಒಳಗೆ ತರಬೇಡಿ ಅಂದ. ಎಲ್ಲರೂ ಚೀಲಗಳನ್ನು ವ್ಯಾನಿನಲ್ಲೇ ಬಿಟ್ಟರು. ವ್ಯಾನಿನ ಡ್ರೈವರ್ ಮದನ್ ಈ ಸಲ ಹೊಸಬ, ಹಸಿದ ವಯಸ್ಸಿನವನು ಬೇರೆ. ಅವನ ವಶಕ್ಕೆ ಸರ್ವಮಂಗಳೆಯನ್ನು ಒಪ್ಪಿಸಲು ಸ್ವಾಮಿಯವರಿಗೆ ಮನಸ್ಸು ಬರಲಿಲ್ಲ. ಮರೆಗೆ ಹೋಗಿ ಡಬ್ಬಿಯನ್ನು ಅಂಗಿಯೊಳಗೆ ಸೇರಿಸಿ, ಟವೆಲ್ಲಿನಿಂದ ಬಿಗಿದು ಬಂದರು.

"ಏನ್ ಅಂಕಲ್, ಹೊಟ್ಟೆ ಯಾಕೆ ಚೌಕ ಆಗಿದೆ?" ಅಂದಳು ಪವಿತ್ರಾ.

ಸುಳ್ಳಿನಲ್ಲಿ ಪಳಗಿರದ ಸ್ವಾಮಿಯವರಿಗೆ ತಕ್ಷಣ ಹೊಳೆದದ್ದು ಒಂದೇ. "ಹರ್ನಿಯಾ ಕಣಮ್ಮ. ಬೆಲ್ಟ್ ಹಾಕಿದೀನಿ."

ಅಲ್ಲಿಂದ ಮುಂದೆ ಹೊಯ್ಸಳರ ಶಿಲ್ಪವನ್ನು ಯಾರೂ ನೋಡಲಿಲ್ಲ. ಸುಬ್ರಹ್ಮಣ್ಯ ಮೇಷ್ಟ್ರು ಗುಡಿಯ ಗೋಡೆಯ ಬುಡದಲ್ಲಿ ನಿಂತು ಆನೆಯ ಸಾಲು, ಕುದುರೆಯ ಸಾಲು ಅಂತ ವಿವರಿಸುತ್ತಿದ್ದರೆ ಇಡೀ ಬೀದಿ ಸ್ವಾಮಿಯವರ ಹೊಟ್ಟೆಯನ್ನೇ ಸುತ್ತುತ್ತಿತ್ತು. ಪವಿತ್ರಾಳ ಸೋದರಮಾವನಿಗೆ ಕೆಮ್ಮಿದಾಗ ಕರುಳು ಸಿಕ್ಕಿಕೊಂಡಿತ್ತಂತೆ. ಚಿಕ್ಕಬಸಪ್ಪ ಮೆಟ್ಟಿಲು ಹತ್ತಲು ಬಿಡದೆ ಅವರ ತೋಳು ಹಿಡಿದುಕೊಂಡೇ ತಿರುಗಿದ. "ಒಟ್ಟೆ ಮ್ಯಾಲೆ ಕೈ ಇಟ್ಕೊಂಡೇ ನಡೀರಿ ಸ್ವಾಮ್ಯೋರೆ" ಅಂದ. ಆ ಸಲಹೆಯೊಂದನ್ನು ಅವರು ಮನಸಾರೆ ಪಾಲಿಸಿದರು.

ಹೊರಗೆ ಮರದ ನೆರಳಲ್ಲಿ ಊಟಕ್ಕೆ ಕೂತಾಗ ಹರ್ನಿಯಾದ ನಿಜವಾದ ಬೆಲೆ ಗೊತ್ತಾಯಿತು. ಕಾಯಿ ಹೋಳಿಗೆ, ಬಿಸಿಬೇಳೆಬಾತು, ಹೀರೇಕಾಯಿ ಬಜ್ಜಿ ಎಲ್ಲವೂ ಅವರ ಮುಂದೆಯೇ ಸಾಗಿದವು, ಒಂದೂ ಅವರ ಎಲೆಗೆ ಇಳಿಯಲಿಲ್ಲ. "ಕರಿದಿದ್ದು ಬೇಡ." "ಬೇಳೆ ವಾಯು." "ಹೋಳಿಗೆ ಜಡ." ಕೊನೆಗೆ ಒಂದು ಲೋಟ ಮಜ್ಜಿಗೆ ಬಂತು. ಹಸಿವಿನಿಂದ ಕರುಳು ಚುರುಗುಟ್ಟುತ್ತಿದ್ದ ಮನುಷ್ಯ ಅದನ್ನೇ ಕುಡಿದು, ಚಿಕ್ಕಬಸಪ್ಪನ ಮೂಗು ಮತ್ತೆ ಮೇಲೇಳುವುದನ್ನು ಕಂಡು ಗಾಬರಿಯಾದರು.

ಎದ್ದು ನಿಂತು ಚಟ್ನಿಪುಡಿ ಡಬ್ಬಿ ಕೈಗೆತ್ತಿಕೊಂಡರು. ಮದುವೆ ಮನೆಯಲ್ಲಿ ಬಡಿಸುವವರಂತೆ ಎಲೆಯಿಂದ ಎಲೆಗೆ ನಡೆದರು. "ಹಾಕ್ಕೊಳ್ಳಿ, ಹಾಕ್ಕೊಳ್ಳಿ. ಇಂಥದ್ದು ಮತ್ತೆ ಸಿಗಲ್ಲ" ಅಂತ ಚಮಚಗಟ್ಟಲೆ ಸುರಿದರು. ಇಡ್ಲಿಗೆ, ಮೊಸರನ್ನಕ್ಕೆ, ಬೇಡ ಅಂದವರ ಅಂಗೈಗೆ. ಚಿಕ್ಕಬಸಪ್ಪನಿಗೆ ಎರಡು ಪಾಲು. ಉಳಿದ ತಳವನ್ನು ಮದನ್‌ಗೆ ಕೊಟ್ಟು, "ಇಡ್ಲಿ ಮಿಕ್ಕಿದೆ, ಗಾಡೀಲಿಟ್ಕೊಂಡು ಆಮೇಲೆ ತಿನ್ನಪ್ಪ" ಅಂದರು. ಜಲಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಪಾಪ, ಅವರಿಗೊಂದು ಡಬ್ಬಿ ಬಾದಾಮಿ ಬರ್ಫಿ ಕೊಡಿಸಬೇಕು ಅಂತ ಸ್ವಾಮಿಯವರು ಮನಸ್ಸಿನಲ್ಲೇ ತೀರ್ಮಾನಿಸಿದರು.

ಸಂಗಮ ಮುಟ್ಟುವಾಗ ಬಿಸಿಲು ಇಳಿದಿತ್ತು. ಎಲ್ಲರೂ ಗುಂಜಾ ನರಸಿಂಹಸ್ವಾಮಿಯ ದರ್ಶನಕ್ಕೆ ಹೊರಟರು. ಹರ್ನಿಯಾದಿಂದ ಆದ ಒಂದೇ ಉಪಕಾರವೆಂದರೆ ಸ್ವಾಮಿಯವರನ್ನು ನದಿಯ ಬಳಿಯೇ ಕೂರಿಸಿದ್ದು. ಆದರೆ ರೋಗಿಯನ್ನು ಒಂಟಿ ಬಿಡಬಾರದು ಅಂತ ಮೇಷ್ಟ್ರು ಜಲಜಮ್ಮನನ್ನು ಕಾವಲಿಗೆ ನಿಲ್ಲಿಸಿದರು. ಆಕೆ ಮೇಲಿನ ಮೆಟ್ಟಿಲಲ್ಲಿ ಸಂಕೋಚದಿಂದ ಆ ಕಡೆ ತಿರುಗಿ ಕೂತರು.

ಸ್ವಾಮಿಯವರು ಅಂಗಿಯ ಗುಂಡಿ ಬಿಚ್ಚಿ ಡಬ್ಬಿ ಹೊರತೆಗೆದರು. ಮೈಯ ಬಿಸಿಗೆ ಅನ್ನ ಇನ್ನೂ ಬೆಚ್ಚಗಿತ್ತು. ಮೊದಲ ತುತ್ತು ಬಾಯಿಗಿಟ್ಟರು. ಹುಣಸೆ, ಬೆಲ್ಲ, ಇಂಗು, ಕೊಬ್ಬರಿ. ಅನ್ನ ಮುದ್ದೆಯಾಗಿದ್ದರೂ ಗೊಜ್ಜು ಗೊಜ್ಜೇ. ಆಕೆ ಪಕ್ಕದಲ್ಲಿ ಕೂತು ಅದೇ ಡಬ್ಬಿಗೆ ಕೈ ಹಾಕಿದಂತಾಯಿತು. ತುತ್ತು ನುಂಗಲಾರದೆ ಅತ್ತರು, ಅಳುತ್ತಲೇ ತಿಂದರು, ಡಬ್ಬಿ ಬರಿದಾದ ಮೇಲೆ ಬೆರಳು ನೆಕ್ಕಿಕೊಂಡು ನದಿಗೆ ಹೇಳಿದರು.

"ಮಂಗಳಾ, ಉಪ್ಪು ಒಂಚೂರು ಮುಂದಾಗಿದೆ ಕಣೆ. ಆದ್ರೂ ನಿನ್ನ ಕೈ ನಿನ್ನ ಕೈಯೇ."

"ಹೌದು ಸ್ವಾಮಿಯವರೇ, ಆ ಸಲ ಉಪ್ಪು ನನ್ನ ಕೈ ಮೀರಿಬಿಡ್ತು" ಅಂದರು ಮೇಲಿನಿಂದ ಜಲಜಮ್ಮ.

ಸ್ವಾಮಿಯವರು ತಿರುಗಿದರು. "ನಿಮ್ಮ ಕೈಯಾ?"

ಜಲಜಮ್ಮ ನಾಲಿಗೆ ಕಚ್ಚಿಕೊಂಡರು. ಆಮೇಲೆ ನಿಧಾನವಾಗಿ ಇಳಿದು ಬಂದು ಒಂದು ಮೆಟ್ಟಿಲು ಮೇಲೆ ಕೂತರು. "ಹೇಳಬೇಡಿ ಅಂತ ಆಣೆ ಹಾಕಿಸಿದ್ಲು. ಅವಳೇ ಇಲ್ಲ ಈಗ. ನಿಮ್ಮ ಮದುವೆ ಆದ ಹೊಸತು, ಹೊಸ ಹುಡುಗಿ ಅಂತ ಒಂದು ಬಟ್ಟಲು ಗೊಜ್ಜು ಕೊಟ್ಟಿದ್ದೆ. ನೀವು ಊಟಕ್ಕೆ ಕೂತು 'ಇದಪ್ಪ ಅಡುಗೆ ಅಂದ್ರೆ' ಅಂದ್ರಂತೆ. ನಿಮ್ಮ ಬಾಯಿಂದ ಅವಳು ಕೇಳಿದ ಮೊದಲ ಒಳ್ಳೇ ಮಾತು ಅದು. ನಂದಲ್ಲ ಅನ್ನೋಕೆ ಮನಸ್ಸು ಬರ್ಲಿಲ್ವಂತೆ. ಆಮೇಲೆ ಭರಣಿ ಖಾಲಿ ಆದಾಗಲೆಲ್ಲ ಹಿತ್ತಲ ಬಾಗಿಲಿಂದ ಬರೋಳು."

ನದಿಯಲ್ಲಿ ಯಾರೋ ತೆಪ್ಪ ನಡೆಸಿಕೊಂಡು ಹೋಗುತ್ತಿದ್ದರು. ಸ್ವಾಮಿಯವರು ಅದು ಮರೆಯಾಗುವವರೆಗೆ ನೋಡಿದರು. ಸೋಮವಾರ ಸೋಮವಾರ ಬಾಗಿಲು ಹಾಕಿಕೊಂಡು ತಾನು ಅತ್ತದ್ದು ಪಕ್ಕದ ಮನೆಯವರ ಅಡುಗೆಗೆ ಅನ್ನುವುದು ಒಳಗಿಳಿಯಲು ಅಷ್ಟು ಹೊತ್ತು ಬೇಕಾಯಿತು.

"ಹಾಗಾದ್ರೆ ಅವಳ ಕೈಯಿಂದು ಯಾವುದು ಜಲಜಮ್ಮನೋರೆ? ಏನಾದ್ರೂ ಇರಬೇಕಲ್ಲ?"

"ಬರಿಗೈಲಿ ಯಾವತ್ತೂ ಬಂದೋಳಲ್ಲ. ತವರಿಂದ, ಕಳಲೆಯಿಂದ ಹುಚ್ಚೆಳ್ಳು ತರಿಸಿ ಪುಡಿ ಮಾಡಿ ತರೋಳು. ನಮ್ಮನೇಲಿ ಬೆಳ್ಳುಳ್ಳಿ ಆಗಲ್ಲ ಅಂತ ನನಗೆ ಬೇರೆಯಾಗೇ ಕುಟ್ಟೋಳು. ನೀವು ಒಂದ್ಸಲ ತಟ್ಟೆ ತಳ್ಳಿ 'ನಾನೇನು ಎತ್ತಾ, ಹಿಂಡಿ ತಿನ್ನೋಕೆ' ಅಂದಿದ್ರಂತೆ. ಅವತ್ತಿಂದ ನಿಮ್ಮ ಅಡುಗೆಮನೇಲಿ ಆ ಡಬ್ಬಿ ಇಡ್ಲಿಲ್ಲ ಅವಳು."

"ಬೆಳಗ್ಗೆ ನೀವು ಕೊಟ್ರಲ್ಲ..."

"ಅದೇ ಕೊನೇದು. ನಾನೂ ಎತ್ತಿಟ್ಕೊಂಡಿದ್ದೆ. ನಿಮಗೇ ಸೇರಬೇಕು ಅಂತ ತಂದೆ. ನೀವು ಮೂಸಿದ ಕೂಡ್ಲೇ ಆಹಾ ಅಂದ್ರಿ. ನಿಂತು ಎಲ್ಲರ ಎಲೆಗೂ ಬಡಿಸಿದ್ರಿ. ಇಂಥದ್ದು ಮತ್ತೆ ಸಿಗಲ್ಲ ಅಂದ್ರಿ. ಗುರುತು ಸಿಕ್ಕಿದೆ, ಅವಳ ಹೆಸರಲ್ಲಿ ಹಂಚ್ತಿದಾರೆ ಅಂತ ನನಗೆ ಅಳುವೇ ಬಂತು."

ಸ್ವಾಮಿಯವರು ಎದ್ದರು. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ವ್ಯಾನಿನ ಕಡೆ ಓಡಿದರು. ದೇವಸ್ಥಾನದಿಂದ ಆಗಷ್ಟೇ ಬರುತ್ತಿದ್ದ ಚಿಕ್ಕಬಸಪ್ಪ ಹೌಹಾರಿ, "ಸ್ವಾಮ್ಯೋರೆ, ಓಡ್ಬ್ಯಾಡಿ! ಕರ್ಳು ಕಣ್ರೀ, ಕರ್ಳು ಸಿಕ್ಕಾಕ್ಕತ್ತದೆ!" ಅಂತ ಕೂಗುತ್ತ ಅವರ ಹಿಂದೆ ಓಡಿದ. ಪವಿತ್ರಾ ಯಾರಿಗೋ ಫೋನ್ ಮಾಡಿ ಆಸ್ಪತ್ರೆ ಎಲ್ಲಿದೆ ಅಂತ ಕೇಳತೊಡಗಿದಳು.

ಮದನ್ ವ್ಯಾನಿನ ಬಾಗಿಲಲ್ಲಿ ಕೂತು ಕೊನೆಯ ಇಡ್ಲಿ ತುಂಡಿನಿಂದ ಡಬ್ಬಿಯ ತಳವನ್ನು ಚೆನ್ನಾಗಿ ಒರೆಸಿ ಬಾಯಿಗೆ ಹಾಕಿಕೊಂಡ. ಡಬ್ಬಿ ತೊಳೆದಿಟ್ಟಂತೆ ಹೊಳೆಯುತ್ತಿತ್ತು.

ಸ್ವಾಮಿಯವರು ಏದುಸಿರು ಬಿಡುತ್ತ ಅವನೆದುರು ನಿಂತರು. "ಹೆಂಗಿತ್ತಪ್ಪಾ?"

"ಏನು ಸಾ?"

"ಆ ಪುಡಿ. ಹೆಂಗಿತ್ತು? ಅವಸರ ಇಲ್ಲ, ಸರಿಯಾಗಿ ಹೇಳು."

ಮದನ್ ನಾಲಿಗೆಯನ್ನು ಹಲ್ಲಿನ ಸುತ್ತ ಆಡಿಸಿಕೊಂಡ. "ಫಸ್ಟು ಒಂಚೂರು ಕಹಿ ಅನ್ಸುತ್ತೆ ಸಾ. ಆಮೇಲೆ ಖಾರ. ಎಲ್ಲಾ ಆದ್ಮೇಲೆ ಲಾಸ್ಟಲ್ಲಿ ಸಿಹಿ ಬತ್ತದೆ ಸಾ, ಸುಮಾರೊತ್ತು ಓಗಲ್ಲ. ಯಾರ್ ಸಾ ಮಾಡಿದ್ದು?"

"ನಮ್ಮನೆಯವಳು."

"ಅಂಗಾದ್ರೆ ನಿಮಗೇನು ಬಿಡಿ ಸಾ, ದಿನಾ ಹಬ್ಬ! ಮುಂದಿನ ಟ್ರಿಪ್ಪಿಗೆ ನಂಗೂ ಒಂದ್ ಡಬ್ಬಿ ಮಾಡಾಕೆ ಅಮ್ಮಾವ್ರಿಗೆ ಹೇಳಿ ಸಾ."

ಅಷ್ಟರಲ್ಲಿ ಬೀದಿಯವರೆಲ್ಲ ಹಿಂದೆ ಬಂದು ನಿಂತಿದ್ದರು. ಚಿಕ್ಕಬಸಪ್ಪ ಮದನ್‌ಗೆ ಬೇಡ ಅಂತ ಕೈಸನ್ನೆ ಮಾಡಿದ.

"ಹೇಳ್ತೀನಿ ಕಣಪ್ಪಾ" ಅಂದು ಸ್ವಾಮಿಯವರು ವ್ಯಾನು ಹತ್ತಿ ತಮ್ಮ ಸೀಟಿನಲ್ಲಿ ಕೂತರು.