ಒಂದೇ ಬೆಳಗಿನ ನಾಲ್ಕು ಮಂಜು

ಚಳಿಗಾಲದಲ್ಲಿ ಬೇಗ ಏಳುವವರ ಬಗ್ಗೆ ನನಗೆ ಬಹಳ ಗೌರವವಿದೆ. ಹೊದಿಕೆಯ ಒಳಗಿನಿಂದ ಎಷ್ಟು ಗೌರವ ಕೊಡಬಹುದೋ ಅಷ್ಟನ್ನೂ ಕೊಡುತ್ತಲೇ ಬಂದಿದ್ದೇನೆ. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸಿಗೆ ನಾನೇ ಕ್ಲಾಸಿಗೆ ಫಸ್ಟು. ಆದರೆ ಪಾಠ ಬೇರೆ, ಬೆಳಗಿನ ಚಳಿ ಬೇರೆ ಎನ್ನುವುದು ಎಪ್ಪತ್ತೊಂದು ತುಂಬಿ, ಫೋಟೊ ತೆಗೆಯುವ ಹುಚ್ಚು ಹತ್ತಿದ ಮೇಲೆ ಗೊತ್ತಾಯಿತು.

ಹುಚ್ಚು ಹತ್ತಿಸಿದವಳು ವಿಮಲ. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಮದುವೆಯಾಗಿ ಅವಳು ಗುಬ್ಬಿಗೆ ಹೋದಳು, ನಾನು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಉಳಿದೆ. ಹೋದ ನವೆಂಬರಿನಲ್ಲಿ ಅವಳು ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. "ವಾಕರ್ ಹಿಡ್ಕೊಂಡು ನಡೀಬೇಕಮ್ಮ, ಮಲಗಿದ್ರೆ ಮಲಗೇಬಿಡ್ತೀರಿ" ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಮತ್ತೆ ಬೀಳುವ ಭಯಕ್ಕೆ ವಿಮಲ ಮಂಚ ಬಿಟ್ಟು ಇಳಿಯಲೇ ಇಲ್ಲ. ನಾನು ನೋಡಲು ಹೋದಾಗ ಕಿಟಕಿಯ ಕಡೆ ಕೈ ತೋರಿಸಿದಳು. "ಆಚೆಮನೆ ಗೋಡೆ ಬಿಟ್ರೆ ಏನೂ ಕಾಣಲ್ಲ ಕಣೇ. ಈ ಸಲದ ಚಳಿಗಾಲ ನನ್ನ ಪಾಲಿಗೆ ಬರ್ಲೇ ಇಲ್ಲ."

"ನಾನು ಕಳಿಸ್ತೀನಿ ಬಿಡು, ದಿನಾ ಒಂದು ಫೋಟೊ" ಎಂದೆ.

"ಗುಲಾಬಿ ಹೂ ಹಾಕಿ ಗುಡ್ ಮಾರ್ನಿಂಗ್ ಕಳಿಸ್ತಾರಲ್ಲ, ಅಂಥದ್ದೆಲ್ಲ ಬೇಡ. ನೀನೇ ತೆಗೀಬೇಕು. ಅವತ್ತಿನದು ಅವತ್ತೇ. ಪ್ರಾಮಿಸ್?"

ಪ್ರಾಮಿಸ್ ಎಂದೆ. ಇಬ್ಬರಿಗೂ ಸೇರಿ ನೂರ ನಲವತ್ತೆರಡು ವರ್ಷ. ಆದರೂ ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿಕೊಂಡೆವು.

ಡಿಸೆಂಬರ್ ಪೂರ್ತಿ ನಾನು ಪ್ರಾಮಾಣಿಕಳಾಗಿದ್ದೆ. ಆರೂವರೆಗೆ ಎದ್ದು, ಯಜಮಾನರ ಮಂಕಿ ಕ್ಯಾಪ್ ಹಾಕಿಕೊಂಡು ಟೆರೇಸು ಹತ್ತುತ್ತಿದ್ದೆ. ಮಂಜಿನಲ್ಲಿ ತಲೆ ಮಾತ್ರ ಕಾಣುವ ತೆಂಗಿನ ಮರ, ಅವರೆಕಾಯಿ ತುಂಬಿದ ತಳ್ಳುಗಾಡಿ, ಬೆಳಗಾದರೂ ಲೈಟು ಹಾಕಿಕೊಂಡೇ ಬರುವ ಸಿಟಿ ಬಸ್ಸು, ಎಲ್ಲವೂ ಗುಬ್ಬಿಗೆ ಹೋದವು. ನನ್ನ ಕೈಚಳಕ ಹೇಳಿಕೊಳ್ಳುವಂಥದ್ದೇನಲ್ಲ. ಮೊದಲ ವಾರದ ಚಿತ್ರಗಳಲ್ಲೆಲ್ಲ ಮೂಲೆಯಲ್ಲೊಂದು ಕಂದು ಗುಡ್ಡ ಕಾಣುತ್ತಿತ್ತು. ಅದು ನನ್ನ ಹೆಬ್ಬೆರಳು. ವಿಮಲ "ಲವ್ಲಿ ಹಿಲ್" ಎಂದು ಬರೆದಳು. ನಾನು ತಿದ್ದಲು ಹೋಗಲಿಲ್ಲ. ಕುಣಿಗಲ್ ಅವಳ ತವರು. ಅಲ್ಲಿಗೊಂದು ಗೃಹಪ್ರವೇಶಕ್ಕೆ ಹೋದಾಗ ಹೋಮದ ನಡುವೆಯೇ ಎದ್ದು ಹೋಗಿ, ಕೆರೆ ಏರಿಯ ಮೇಲೆ ನಿಂತು, ನೀರಿನಿಂದ ಬಿಳಿ ಹಬೆಯೇಳುವುದನ್ನು ತೆಗೆದು ಕಳಿಸಿದೆ. ಅವತ್ತು ಉತ್ತರ ಬರಲಿಲ್ಲ. ಸಂಜೆ ಅವಳ ಸೊಸೆ ರೂಪಾ ಫೋನ್ ಮಾಡಿದಳು. "ಆಂಟಿ, ಅತ್ತೆ ಬೆಳಗ್ಗೆಯಿಂದ ಆ ಕೆರೇನೇ ದೊಡ್ಡದು ಮಾಡ್ಕೊಂಡು ನೋಡ್ತಾ ಇದಾರೆ." ಮಂಚದಿಂದ ಇಳಿದರೇನಮ್ಮ ಎಂದು ಕೇಳಿದೆ. "ಇಲ್ಲ ಆಂಟಿ" ಎಂದಳು.

ಸಂಕ್ರಾಂತಿ ಕಳೆದರೂ ಚಳಿ ಬಿಡಲಿಲ್ಲ. ಒಂದು ಗುರುವಾರ ಮಂಜು ಅದ್ಭುತವಾಗಿ ಬಿದ್ದಿತ್ತು. ನಾಲ್ಕು ಚಿತ್ರ ತೆಗೆದೆ, ನಾಲ್ಕೂ ಚೆನ್ನಾಗಿ ಬಂದವು. ದೋಸೆ ಹಿಟ್ಟನ್ನು ಒಂದು ದಿನ ರುಬ್ಬಿ ನಾಲ್ಕು ದಿನ ಹುಯ್ಯುವುದಿಲ್ಲವೇ ಎಂಬ ಯೋಚನೆ ಆಗಲೇ ಬಂದದ್ದು. ಶುಕ್ರವಾರ ಹೊದಿಕೆಯಿಂದ ಕೈ ಮಾತ್ರ ಆಚೆ ಹಾಕಿ ಎರಡನೆಯದನ್ನು ಕಳಿಸಿ ಮತ್ತೆ ಮಲಗಿದೆ. ಕಾಫಿ ತಂದ ಯಜಮಾನರು, "ಏನಮ್ಮ, ಇವತ್ತು ಮಂಜು ರೂಮಿಗೇ ಬಂದಿತ್ತಾ?" ಎಂದರು. "ನಿಮಗೆ ಲೈಟಿಂಗ್ ವಿಷಯ ಏನು ಗೊತ್ತು?" ಎಂದೆ. ಶನಿವಾರ ವಿಮಲ ಎರಡು ಸಲ ಫೋನ್ ಮಾಡಿದಳು. ತೆಗೆಯಲಿಲ್ಲ. ಟೆರೇಸಿನ ಚಳಿಯಲ್ಲಿ ನಿಂತವಳ ಧ್ವನಿ ನನ್ನ ಹತ್ತಿರ ತಯಾರಿರಲಿಲ್ಲ.

ಭಾನುವಾರ ನಾಲ್ಕನೆಯದನ್ನು ಕಳಿಸಿ ಎರಡು ಗಂಟೆಯಾಗಿರಬೇಕು, ಮನೆ ಮುಂದೆ ಕಾರು ನಿಂತಿತು. ರೂಪಾ ಇಳಿದು ಹಿಂದಿನ ಬಾಗಿಲು ತೆಗೆದಳು. ಮೊದಲು ವಾಕರ್ ಬಂತು, ಆಮೇಲೆ ವಿಮಲ. ಗೇಟಿನಿಂದ ಬಾಗಿಲಿಗೆ ಹತ್ತು ಹೆಜ್ಜೆ. ಅವಳು ಒಂದೊಂದನ್ನೂ ನೆಲವನ್ನು ಕೇಳಿ ಇಟ್ಟಂತೆ ಇಟ್ಟಳು. ಬಾಗಿಲಲ್ಲಿ ನನ್ನನ್ನು ಕಂಡು ಅಲ್ಲೇ ನಿಂತಳು.

"ಮನೇಲೇ ಇದೀಯಾ? ಆಸ್ಪತ್ರೇಲಿ ಇಲ್ವಾ?"

"ನಾನ್ಯಾಕೆ ಆಸ್ಪತ್ರೇಲಿ ಇರ್ಲಿ?"

ಕುರ್ಚಿಯಲ್ಲಿ ಕೂತು, ಏದುಸಿರು ಬಿಡುತ್ತಾ ಫೋನ್ ತೋರಿಸಿದಳು. "ನಿಮ್ಮ ಪಕ್ಕದ್ಮನೆ ಮೇಲೆ ಒಣಗಾಕಿರೋ ಈ ಹಸಿರು ನೈಟಿ ನೋಡು. ಗುರುವಾರ ಒಂದೇ ಕ್ಲಿಪ್ಪಲ್ಲಿ ನೇತಾಡ್ತಿತ್ತು. ಶುಕ್ರವಾರನೂ ಹಂಗೇ. ಇವತ್ತೂ ಹಂಗೇ. ಅವತ್ತಿನದು ಅವತ್ತೇ ಅಂತ ಪ್ರಾಮಿಸ್ ಮಾಡ್ದೋಳು ನೀನು, ಹಳೇದು ಕಳಿಸಲ್ಲ. ನಿನಗೇನೋ ಆಗಿದೆ, ನಿಮ್ಮನೆಯವರು ಮುಚ್ಚಿಟ್ಟು ಇದನ್ನೆಲ್ಲ ಕಳಿಸ್ತಾ ಇದಾರೆ ಅಂದ್ಕೊಂಡೆ. ಫೋನೂ ತೆಗೀಲಿಲ್ಲ ನೀನು..."

"ಎರಡು ತಿಂಗಳಿಂದ ಹಾಲ್‌ವರೆಗೂ ಬರ್ದಿದ್ದೋರು ಆಂಟಿ" ಎಂದಳು ರೂಪಾ. "ಇವತ್ತು ತಾವೇ ವಾಕರ್ ಕೇಳಿ ಈಸ್ಕೊಂಡ್ರು."

ಯಜಮಾನರು ನನ್ನನ್ನು ನೋಡಿದರು. ಜ್ವರ ಬಂದಿತ್ತು ಎಂದುಬಿಡಬಹುದಿತ್ತು, ಅವಳು ನಂಬುತ್ತಿದ್ದಳು. ನಂಬುತ್ತಾಳೆ ಎನ್ನುವುದೇ ಕಷ್ಟಕ್ಕಿಟ್ಟುಕೊಂಡಿತು. "ಚಳಿ ಕಣೇ" ಎಂದೆ. "ಏಳಕ್ಕಾಗ್ಲಿಲ್ಲ. ಒಂದೇ ದಿನ ನಾಲ್ಕೂ ತೆಗೆದಿಟ್ಕೊಂಡಿದ್ದೆ."

ವಿಮಲ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಥೂ ಕಳ್ಳಿ! ಗುಬ್ಬಿಯಿಂದ ಇಲ್ಲೀವರೆಗೂ ಮನೆದೇವ್ರಿಗೆ ಹರಕೆ ಹೊತ್ಕೊಂಡ್ ಬಂದಿದೀನಿ. ಚಳಿಯಂತೆ ಚಳಿ!" ಎಂದಳು.

"ಏನು ಹರಕೆ?"

"ಅವಳಿಗೇನೂ ಆಗ್ದೇ ಇರ್ಲಿ, ಮುಡಿ ಕೊಡಿಸ್ತೀನಿ ಅಂತ."

"ಯಾರ ಮುಡಿ?"

"ಇನ್ಯಾರದು, ನಿಂದೇ. ಉಳಿಯೋದು ನಿನ್ನ ಜೀವ, ಹೋಗೋದು ನನ್ನ ಕೂದ್ಲಾ?"

ನನ್ನ ಒಂದೂವರೆ ತಿಂಗಳ ನಿಜವಾದ ಚಿತ್ರಗಳಿಂದ ಏಳದವಳನ್ನು ಮೂರು ಸುಳ್ಳು ಎಬ್ಬಿಸಿದವು. ಈ ಕೀರ್ತಿ ನನ್ನದೆಂದು ಹೇಳಿಕೊಂಡರೆ ಅದು ನಾಲ್ಕನೆಯದಾಗುತ್ತದೆ. ಹರಕೆಯನ್ನಂತೂ ತಪ್ಪಿಸುವ ಹಾಗಿಲ್ಲ. ದೇವರು ನನಗೆ ಏನೂ ಆಗಗೊಡದೆ ತನ್ನ ಪಾಲಿನ ಕೆಲಸ ಮುಗಿಸಿದ್ದಾನೆ. ಬಹಳ ಯೋಚಿಸಿ, ವಿಮಲ ತಾನೇ ನಡೆದು ದೇವಸ್ಥಾನದ ಮೆಟ್ಟಿಲು ಹತ್ತಿದ ದಿನ ಮುಡಿ ಕೊಡುತ್ತೇನೆ ಎಂದು ಮಾತು ಕೊಟ್ಟೆ. ವರ್ಷವಾದರೂ ಹಿಡಿಯುತ್ತದೆ ಎಂದುಕೊಂಡಿದ್ದೆ.

ನಿನ್ನೆ ರೂಪಾ ಫೋನ್ ಮಾಡಿದ್ದಳು. ಅತ್ತೆ ವಾಕರ್ ಬಿಟ್ಟು ಕೋಲಿಗೆ ಬಂದಿದ್ದಾರಂತೆ, ದಿನಾ ಎರಡು ಸುತ್ತು ಜಾಸ್ತಿ ನಡೆಯುತ್ತಿದ್ದಾರಂತೆ. ಕೇಳಿ ಕಣ್ಣು ತುಂಬಿ ಬಂತು. ಫೋನ್ ಇಟ್ಟು ಕನ್ನಡಿಯ ಮುಂದೆ ಹೋಗಿ, ಜಡೆ ಬಿಚ್ಚಿಕೊಂಡು, ಬಹಳ ಹೊತ್ತು ನಿಂತಿದ್ದೆ.