ಬಾಯಿಗೆ ಅಡ್ಡ ಹಿಡಿದ ರಟ್ಟು

ನನ್ನದು ಕಿವಿ ಪರೀಕ್ಷೆ ಮಾಡುವ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ಯಂತ್ರ ಹೊತ್ತುಕೊಂಡು ತಿರುಗುತ್ತೇನೆ. ತಮಾಷೆಯನ್ನು ನಾನು ಹುಡುಕಿಕೊಂಡು ಹೋದದ್ದಿಲ್ಲ, ಅದೇ ಬಂದು ಎದುರಿನ ಕುರ್ಚಿಯಲ್ಲಿ ಕೂರುತ್ತದೆ. ಎದ್ದು ಹೋಗುವಾಗ ಮಾತ್ರ ಕಣ್ಣು ಒದ್ದೆ ಮಾಡಿ ಹೋಗುತ್ತದೆ.

ತಿರುಗಿ ಹೇಳಿ

ಮಾತಿನ ಪರೀಕ್ಷೆ ಸುಲಭದ್ದು. ನಾನು ಒಂದೊಂದೇ ಪದ ಹೇಳುತ್ತೇನೆ, ಹೆಡ್‌ಫೋನ್ ಹಾಕಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ತುಟಿ ನೋಡಿ ಹೇಳಿಬಿಡಬಾರದು ಅಂತ ಬಾಯಿಗೆ ಒಂದು ರಟ್ಟು ಅಡ್ಡ ಹಿಡಿಯುತ್ತೇನೆ.

ಹುಣಸೂರಿನಲ್ಲಿ ಹೊಗೆಸೊಪ್ಪು ಬೆಳೆದು, ಬ್ಯಾರನ್ ಗೂಡಿನಲ್ಲಿ ಬೇಯಿಸುವ ಹಿರಿಯರೊಬ್ಬರು ಬಂದಿದ್ದರು.

"ಊಟ" ಅಂದೆ.

"ಆಯ್ತು ಕಣವ್ವ. ನಿಮ್ದು?"

"ಮನೆ."

"ಇಲ್ಲೇ, ಬಿಳಿಕೆರೆ ತಾವ."

"ಸೊಪ್ಪು."

"ಇನ್ನೂ ಬ್ಯಾರನ್‌ನಲ್ಲೇ ಬೇಯ್ತಾ ಅದೆ."

ನಗು ತಡೆದುಕೊಂಡು ಮುಂದಿನ ಪದ ಹೇಳಿದೆ. "ಅಕ್ಕ."

ಅವರು ಸುಮ್ಮನಾದರು. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಹೇಳಿದೆ.

"ಮಾತು ಬುಟ್ಟವ್ಳೆ ಕಣವ್ವ" ಅಂದರು. "ಮನೆ ಬಾಗ್ಲಿಗೆ ಬಂದು ಕರುದ್ಲಂತೆ. ನಾನು ಆ ಕಡಿಕೆ ಮೊಕ ಮಾಡ್ಕಂಡು ಸೊಪ್ಪು ಕಟ್ತಾ ಕುಂತಿದ್ದೆ. ಕೇಳುಸ್ಲಿಲ್ಲ. ಕರುದ್ರೂ ತಿರುಗ್ ನೋಡ್ನಿಲ್ಲ ಅಂತ ಅಂಗೇ ವಾಪಸ್ ಒಂಟೋದ್ಳು. ಆವತ್ತಿಂದ ಬರೋದೇ ಬುಟ್ಬುಟ್ಲು."

ಕೇಳಿಸದೆ ಹೋದದ್ದು ಅಂತ ಅಕ್ಕನಿಗೆ ಹೇಳಲಿಲ್ಲವೇ ಅಂದೆ. "ಯೋಳ್ದೆ. ನಂಬ್ಲಿಲ್ಲ. ಅದ್ಕೇ ಬಂದಿರೋದು. ಕಿವಿ ಕೇಳಕಿಲ್ಲ ಅಂತ ನೀವೇ ಬರ್ಕೊಡಿ, ತೋರುಸ್ತೀನಿ."

ಬರೆದುಕೊಡುತ್ತೇನೆ, ಮೊದಲು ಪರೀಕ್ಷೆ ಮುಗಿಯಲಿ ಅಂತ ಸಮಾಧಾನ ಮಾಡಿ, ಬಿಡಿಸಿ ಹೇಳಿದೆ: "ಯಜಮಾನ್ರೇ, ನೀವು ಉತ್ತರ ಕೊಡಬೇಡಿ. ನಾನು ಹೇಳಿದ್ದನ್ನೇ ತಿರುಗಿ ಹೇಳಿ, ಸಾಕು."

ಅವರು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ಯಜಮಾನ್ರೇ, ನೀವು ಉತ್ತರ ಕೊಡಬೇಡಿ. ನಾನು ಹೇಳಿದ್ದನ್ನೇ ತಿರುಗಿ ಹೇಳಿ, ಸಾಕು."

ಗೇಟು

ಒಂದು ಕಿವಿ ಪೂರ್ತಿ ಹೋಗಿದ್ದರೂ ಕೆಲವರು ಅದರಲ್ಲಿ ಕೇಳಿಸಿತು ಅನ್ನುತ್ತಾರೆ. ಸುಳ್ಳಲ್ಲ. ಚೆನ್ನಾಗಿರುವ ಕಿವಿ ಈ ಕಡೆಯಿಂದ ಕೇಳಿಸಿಕೊಂಡುಬಿಟ್ಟಿರುತ್ತದೆ. ಅದಕ್ಕೇ ಆ ಕಿವಿಗೆ ಸುಯ್ಯೆನ್ನುವ ಸದ್ದು ತುಂಬಿ, ಕೆಟ್ಟ ಕಿವಿಯನ್ನು ಒಂಟಿಯಾಗಿ ಪರೀಕ್ಷೆ ಮಾಡುತ್ತೇವೆ.

ಎಚ್.ಡಿ. ಕೋಟೆಗೆ ಬೀಚನಹಳ್ಳಿಯವರೊಬ್ಬರು ಬಂದಿದ್ದರು. ಅಣೆಕಟ್ಟೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. "ಸುಯ್ ಅನ್ನೋದನ್ನ ಬಿಟ್ಟುಬಿಡಿ, ಈಚೆ ಕಿವಿಗೆ ಟೂ ಅಂತ ಸದ್ದು ಬಂದ್ರೆ ಮಾತ್ರ ಬಟನ್ ಒತ್ತಿ" ಅಂದೆ. ಸದ್ದು ಹಾಕಿದ್ದೇ ಅವರು ಕಣ್ಣು ಮುಚ್ಚಿಕೊಂಡರು. ಎಷ್ಟು ಟೂ ಕೊಟ್ಟರೂ ಬೆರಳು ಅಲ್ಲಾಡಲಿಲ್ಲ. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

ಗಾಬರಿಯಾಗಿ ನಿಲ್ಲಿಸಿದೆ. "ನೋವಾಯ್ತಾ?"

"ಇಲ್ಲ ಕಣವ್ವ. ಗೇಟು ಬುಟ್ಟಂಗಿತ್ತು. ಮನೇಲಿ ಕುಂತ್ರೆ ಈಗ ನೀರಿನ್ ಸದ್ದು ಕೇಳಕಿಲ್ಲ. ವೊಳೆ ಬತ್ತೋಗದೇನೋ ಅನ್ನುಸ್ತದೆ."

"ಟೂ ಅನ್ನೋದು ಒಂದೂ ಕೇಳಿಸಲಿಲ್ವಾ?"

ಅವರು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. "ಗೇಟ್ ಬುಟ್ಟಾಗ ಟೂ ಅಂತ ಯಾರವ್ವ ಕೇಳುಸ್ಕತಾರೆ? ಮೊದ್ಲು ಗೇಟ್ ಇಳ್ಸು."

ಅತ್ತೆಯ ಕಿವಿ

ಕೆ.ಆರ್. ನಗರದಲ್ಲಿ ಸೊಸೆಯೊಬ್ಬಳು ಅತ್ತೆಯನ್ನು ಕರೆತಂದಳು. "ಏನೂ ಕೇಳ್ಸಲ್ಲ ಮೇಡಂ" ಅಂದಳು. ಅವಳನ್ನು ಹೊರಗೆ ಕೂರಿಸಿ, ರಟ್ಟು ಹಿಡಿದು, ದನಿ ಇಳಿಸುತ್ತಾ ಹೋದೆ. ಅಜ್ಜಿ ಒಂದು ಪದವನ್ನೂ ತಪ್ಪಲಿಲ್ಲ. ಆಮೇಲೆ ಸಿಕ್ಕಿಬಿದ್ದೆ ಅಂತ ತಿಳಿದು ನನ್ನ ಕೈ ಹಿಡಿದುಕೊಂಡರು.

"ಯೋಳ್ಬ್ಯಾಡ ಕಣವ್ವ. ಕೇಳುಸ್ತದೆ ಅಂದ್ರೆ ಅಡಿಗೆಮನೆಯಿಂದ್ಲೇ ಕೂಗ್ತಾರೆ. ಕೇಳಕಿಲ್ಲ ಅಂದ್ರೆ ಅತ್ರ ಬಂದು, ಭುಜ ಮುಟ್ಟಿ ಮಾತಾಡ್ತಾರೆ."

ಬಾಗಿಲ ಹೊರಗೆ ಹೋಗಿ ಸೊಸೆಗೆ, "ಮಿಷನ್ ಏನೂ ಬೇಡಮ್ಮ. ಹತ್ತಿರ ಕೂತು ಮಾತಾಡಿ, ಸಾಕು" ಅಂದೆ.

"ಹತ್ತಿರ ಅಂದ್ರೆ ಎಲ್ಲಿ ಮೇಡಂ?" ಅಂತ ಮೆಲ್ಲಗೆ ಕೇಳಿದಳು.

ಒಳಗಿನಿಂದ ಅಜ್ಜಿಯ ದನಿ ಬಂತು: "ಮಂಚದ್ ಮೇಲೆ."

ಸೊಸೆ ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಒಳಗೆ ಹೋಗಿ, ಭುಜ ಮುಟ್ಟಿ, "ಏಳಿ ಅತ್ತೆ, ಹೋಗಣ" ಅಂತ ಕಿರುಚಿದಳು.

ಮೀಸೆ

ಪಿರಿಯಾಪಟ್ಟಣಕ್ಕೆ ಒಬ್ಬ ಗೌಡರು ಹೆಂಡತಿಯನ್ನು ಕರೆತಂದಿದ್ದರು. ಅವರದ್ದು ಬಾಯಿ ಕಾಣದಷ್ಟು ದಪ್ಪ ಮೀಸೆ.

"ಊರೋರ್ ಮಾತೆಲ್ಲ ಕೇಳ್ತದೆ ಇವ್ಳಿಗೆ. ನಾನ್ ಯೋಳಿದ್ದು ಮಾತ್ರ ಕೇಳಕಿಲ್ಲ. ಬೇಕಂತ್ಲೇ ಮಾಡ್ತಾಳೆ."

"ಇವ್ರು ಬಾಯೊಳ್ಗೇ ಗೊಣಗ್ತಾರೆ ಕಣವ್ವ" ಅಂದರು ಆಯಮ್ಮ.

ರಟ್ಟು ಅಡ್ಡ ಹಿಡಿದರೆ ಆಕೆಗೆ ಒಂದು ಪದವೂ ಗೊತ್ತಾಗಲಿಲ್ಲ. ರಟ್ಟು ತೆಗೆದರೆ ಎಲ್ಲ ಸರಿ. ಆಕೆ ಇಷ್ಟು ವರ್ಷ ತುಟಿ ನೋಡಿಯೇ ಬದುಕಿದ್ದರು. ಗಂಡನ ತುಟಿಯನ್ನು ಮೀಸೆ ಮುಚ್ಚಿತ್ತು. ಹಾಗೆಂದೆ.

ಗೌಡರು ಮೀಸೆ ಮುಟ್ಟಿ ನೋಡಿಕೊಂಡರು. "ಅಂಗಾರೆ ಇವ್ಳು ಬೇಕಂತ ಮಾಡ್ತಿರ್ಲಿಲ್ವಾ?"

"ಇಲ್ಲ."

ಎದ್ದು ಹೊರಟೇಹೋದರು. ಕೋಪ ಬಂತು ಅಂತ ಆಯಮ್ಮ ಅಳುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಗೌಡರು ಬಾಯಿಗೆ ಟವೆಲ್ ಮುಚ್ಚಿಕೊಂಡು ವಾಪಸ್ ಬಂದರು. ಬಸ್ ಸ್ಟ್ಯಾಂಡ್ ಹತ್ತಿರದ ಕಟಿಂಗ್ ಶಾಪಿಗೆ ಹೋಗಿದ್ದರಂತೆ. ಹೆಂಡತಿಯ ಎದುರು ಕೂತು ಟವೆಲ್ ತೆಗೆದು, "ಹೊಟ್ಟೆ ಅಸೀತಾ ಅದಾ?" ಅಂತ ಕೇಳಿದರು.

"ಊಂ" ಅಂದರು ಆಯಮ್ಮ. ಆಮೇಲೆ ಆ ಬೋಳು ಮುಖ ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಕಿವಿ ಮಿಷನ್ ಬರುವುದು ತಡವಾಯಿತು. ತೆಗೆದುಕೊಳ್ಳಲು ಆಯಮ್ಮ ತಮ್ಮನ ಜೊತೆ ಬಂದರು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಗದ್ದೆ ಬದುವಿನ ಮೇಲೆ ಕೂತ ಗೌಡರು ಹಾಗೇ ಒರಗಿದರಂತೆ, ಎದೆನೋವು.

ಆಯಮ್ಮನಿಗೆ ಕುರ್ಚಿ ಎಳೆದುಕೊಟ್ಟೆ. ಅವರೇ ಹೇಳಿದರು.

"ಮೀಸೆ ತಗ್ದಮ್ಯಾಲೆ ದಿನಾ ಎದುರ್ಗೆ ಕುಂತು ಮಾತಾಡೋರು ಕಣವ್ವ. ಮದ್ವೆ ದಿನದ್ ಮಾತಿಂದ ಸುರು ಅಚ್ಕಂಡ್ರು. ಮುಗೀಲಿಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೆಣ ಮನೆ ಮುಂದೆ ಮಲುಗ್ಸಿದ್ರು. ನಾನು ತಲೆ ತಾವ ಅಳ್ತಾ ಕುಂತಿದ್ದೆ. ಕುಶಾಲನಗರದ ಕಡೆಯಿಂದ ಇವ್ರ ನೆಂಟ ಒಬ್ಬ ಹಾರ ತಕ್ಕಂಡು ಬಂದ. ಮೊಕ ನೋಡ್ದ, ಹಿಂದಕ್ ಸರುದ. ಪಕ್ಕದೋನ್ ಕಿವೀಲಿ, 'ಇದ್ಯಾರ್ಲಾ? ನಮ್ ಗೌಡ ಎಲ್ಲಿ?' ಅಂದ. ಪಿಸುಮಾತು. ಅಷ್ಟು ಜನದಲ್ಲಿ ಯಾರ್ಗೂ ಕೇಳ್ನಿಲ್ಲ, ತುಟಿ ನೋಡೋ ಕಿವುಡಿ ನಂಗೊಬ್ಳಿಗೇ ಕೇಳ್ತು! ಹಾರ ಕೈಲಿಡ್ಕಂಡು ಇನ್ನೊಂದ್ ಹೆಣ ಎಲ್ಲದೆ ಅಂತ ಆಚೆಗೊಂಟೋದ. ನಂಗೆ ತಡ್ಯಕಾಗ್ನಿಲ್ಲ. ಗೊಳ್ ಅಂತ ನಕ್ಬುಟ್ಟೆ. ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟೋಯ್ತು ಅಂತ ಎಲ್ರೂ ಹಿಡ್ಕಂಡ್ರು."

ನಾನೂ ನಕ್ಕೆ. ಅವರ ತಮ್ಮ ನಕ್ಕ. ಮೂವರೂ ಅಳುತ್ತಿದ್ದೆವು.

"ಹೆಣದ್ ಮುಂದೆ ನಗ್ಬಾರ್ದಾಗಿತ್ತು" ಅಂದರು ಆಯಮ್ಮ. "ಆದ್ರೂ ಬಗ್ಗಿ ಅವ್ರ ಮೊಕ ನೋಡ್ದೆ ಕಣವ್ವ. ನಗ್ತಿದ್ರೆ ಈಗ್ಲಾದ್ರೂ ಕಾಣ್ತದಲ್ಲ ಅಂತ."