ಅವರೆ ಚಪ್ಪರಕ್ಕೆ ಬೇವಿನೆಣ್ಣೆ

"ಈ ಜಾರಿಗೆ ಏನ್ ಆಕಿದ್ರಿ, ನಿಜ ಯೋಳಿ," ಎಂದಳು ಕೋಮಲಾ, ಚಟ್ನಿ ಹತ್ತಿದ ಬೆರಳನ್ನು ಗಂಡನ ಮೂಗಿನ ಹತ್ತಿರ ಹಿಡಿದು.

ನಂಜುಂಡೇಶ ಮೂಸುವ ಅಗತ್ಯವಿರಲಿಲ್ಲ. ಇಡ್ಲಿಯ ಮೊದಲನೇ ತುತ್ತು ಆಗಲೇ ಅವನ ಗಂಟಲಲ್ಲಿ ಮುಷ್ಕರ ಹೂಡಿ ಕೂತಿತ್ತು. ಬೇವಿನೆಣ್ಣೆ ಎಂದ. ಜಾರನ್ನು ಚೆನ್ನಾಗಿ ತೊಳೆದಿದ್ದೆ ಎಂದೂ ಸೇರಿಸಿದ. ಗಂಡಸರು ತೊಳೆಯುವುದು ಎಂದರೆ ಪಾತ್ರೆಗೆ ನೀರು ತೋರಿಸುವುದು ಎನ್ನುತ್ತಾ ಕೋಮಲಾ ಚಟ್ನಿಯನ್ನು ತೊಟ್ಟಿಗೆ ಸುರಿದಳು.

ಅವನದು ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದೆ ಮಿಕ್ಸಿ ರಿಪೇರಿ ಅಂಗಡಿ. ಯಾವುದನ್ನೇ ಆಗಲಿ ಬಿಚ್ಚಿ, ತಿರುಗಿಸಿ, ಏನಾಗುತ್ತದೆ ಎಂದು ನೋಡದಿದ್ದರೆ ಅವನಿಗೆ ನಿದ್ದೆ ಬಾರದು. ಹಿತ್ತಲಿನ ಅವರೆ ಚಪ್ಪರಕ್ಕೆ ಹೇನು ಹತ್ತಿ, ಕುಡಿಗಳೆಲ್ಲ ಕಪ್ಪು ರವೆ ಮೆತ್ತಿದ ಹಾಗಾದಾಗ ಬಾಗೂರಿನ ಗಾಣದಿಂದ ಬೇವಿನೆಣ್ಣೆ ತಂದಿದ್ದ. ನೀರಿಗೆ ಹಾಕಿದರೆ ಅದು ಮಾವನ ಮನೆಗೆ ಬಂದ ಅಳಿಯನಂತೆ ಮೇಲೆಯೇ ತೇಲಿತು. ಬೇರೆಯವರಾಗಿದ್ದರೆ ಒಂದಿಷ್ಟು ಸೋಪಿನ ನೀರು ಬೆರೆಸಿ, ಕಲಕಿ ಸುಮ್ಮನಾಗುತ್ತಿದ್ದರು. ಇವನು ಸೋಪನ್ನೂ ಹಾಕಿ, ಮಿಕ್ಸಿಗೂ ಹಾಕಿದ. ಹಾಲಿನಂಥ ಬಿಳಿ ದ್ರಾವಣ ಬಂತು. ನಿನ್ನೆ ಸಂಜೆ ಎಲೆಯ ಹಿಂಭಾಗ ಮುಂಭಾಗ ನೋಡದೆ ಇಡೀ ಚಪ್ಪರಕ್ಕೆ ಸಿಂಪಡಿಸಿದ್ದ. ಬೆಳಿಗ್ಗೆ ಎದ್ದು ಹೇನುಗಳ ಗತಿ ಏನಾಗಿದೆ ಎಂದು ನೋಡಬೇಕು ಅಂದುಕೊಳ್ಳುವಷ್ಟರಲ್ಲಿ ಈ ಚಟ್ನಿ. ಚಟ್ನಿಯ ಹಿಂದೆಯೇ ಫೋನು.

ಫೋನು ಮಾಡಿದವರು ಮನೆಯ ಮಾಲೀಕರಾದ ಬಾಗೂರಿನ ಚನ್ನಪ್ಪಗೌಡರು. ಮಧ್ಯಾಹ್ನ ಊಟಕ್ಕೆ ಬರುತ್ತೇನೆ, ಹಿತ್ತಲ ವಿಷಯ ಇವತ್ತು ಇತ್ಯರ್ಥ ಮಾಡಿಬಿಡೋಣ ಎಂದರು.

ಗೌಡರದು ಒಂದೇ ಗೋಡೆಗೆ ಅಂಟಿದ ಎರಡು ಮನೆ, ಹಿಂದೆ ಬಚ್ಚಲುಗಳ ನಡುವೆ ಒಂದು ಮೋಟುಗೋಡೆ, ಅದರಾಚೆ ಎರಡಕ್ಕೂ ಸೇರಿ ಒಂದೇ ಹಿತ್ತಲು. ಒಂದರಲ್ಲಿ ನಂಜುಂಡೇಶ. ಇನ್ನೊಂದರಲ್ಲಿ ಆಶಾರಾಣಿ ಮತ್ತು ಅವಳ ಗಂಡ ರಂಗಸ್ವಾಮಿ. ಅವರು ಹೊಸದಾಗಿ ಕಾರು ಕೊಂಡಿದ್ದರು. ಬೀದಿಯಲ್ಲಿ ನಿಂತ ಕಾರಿನ ಮೇಲೆ ಕಾಗೆಗಳು ದಿನಾ ಸಹಿ ಮಾಡುತ್ತಿದ್ದುದರಿಂದ, ಹಿತ್ತಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸಿಕೊಳ್ಳುತ್ತೇವೆ ಎಂದು ಆಶಾರಾಣಿ ಗೌಡರಿಗೆ ಅರ್ಜಿ ಹಾಕಿದ್ದಳು. ಅಂದರೆ ಇವತ್ತು ಚಪ್ಪರ ಉಳಿಯಬೇಕು, ಇಲ್ಲವೇ ಕಾರು ಬರಬೇಕು.

ಗೌಡರನ್ನು ಕರಗಿಸಲು ಇದ್ದದ್ದು ಒಂದೇ ದಾರಿ, ಅವರ ಮೂಗು. ಮಾಗಿಯ ಇಬ್ಬನಿಗೆ ಅವರೆಕಾಯಿಯ ಮೇಲೆ ಅಂಟಂಟಾಗಿ ಒಂದು ಸೊಗಡು ಬರುತ್ತದಲ್ಲ, ಅದನ್ನು ಮೂಸಿ ಕಾಯಿ ಯಾವ ಹೋಬಳಿಯದು ಎಂದು ಹೇಳುತ್ತಿದ್ದರಂತೆ. ನಮ್ಮ ಚಪ್ಪರದ ಕಾಯಿಯದೇ ಸಾರು ಮಾಡ್ತೀವಿ ಬನ್ನಿ ಎಂದು ಕೋಮಲಾ ಫೋನಿನಲ್ಲಿ ಬೇರೆ ಹೇಳಿಬಿಟ್ಟಿದ್ದಳು.

ನಂಜುಂಡೇಶ ಒಂದು ಬುಟ್ಟಿ ಕಾಯಿ ಕಿತ್ತು ಮೂಸಿದ. ಬೇವಿನ ನಾತದಲ್ಲಿ ಸೊಗಡು ಎಲ್ಲಿಯೋ ತಲೆಮರೆಸಿಕೊಂಡಿತ್ತು. ಒಂದು ಹಿಡಿ ಕಾಯಿಯನ್ನು ಕಡ್ಲೆಹಿಟ್ಟಿನಲ್ಲಿ ತಿಕ್ಕಿದ, ಆಮೇಲೆ ಸೀಗೆಪುಡಿಯಲ್ಲಿ, ಕೊನೆಗೆ ಬಟ್ಟೆ ಸೋಪಿನಲ್ಲಿ. ಈಗ ಅದು ಬಾಣಂತಿ ಕೋಣೆಯಲ್ಲಿ ಯಾರೋ ಬಟ್ಟೆ ಒಗೆದ ಹಾಗೆ ನಾರತೊಡಗಿತು.

ಗೋಡೆಯ ಮೇಲೆ ಆಶಾರಾಣಿಯ ತಲೆ ಮೂಡಿತು. ಕಾಯಿಗೆ ಸ್ನಾನ ಮಾಡಿಸುವುದನ್ನು ತಾನು ಇದೇ ಮೊದಲು ನೋಡುತ್ತಿರುವುದಾಗಿ ಹೇಳಿದಳು. ಕೋಮಲಾ ಬೇರೆ ದಾರಿಯಿಲ್ಲದೆ ಜಾರಿನ ಕಥೆ ಹೇಳಿ, ಸಾರಿಗೆ ತೆಂಗಿನಕಾಯಿ ರುಬ್ಬಲು ಅವಳ ಜಾರು ಕೇಳಿದಳು.

"ತಗಳಿ ಕೋಮಲಕ್ಕ, ನಿಮ್ದು ನಂಗ್ ಕೊಡಿ. ಆ ಕಾಯಿನೂ ಎಸೀಬೇಡಿ, ನಮ್ ಕಡೀಕೆ ದಾಟ್ಸಿ. ನಮ್ಮನೇಲಿ ಎಲ್ರಿಗೂ ಸೀತ, ಮೂಗ್ ಕಟ್ಟೈತೆ. ಮಲ್ಲಿಗೆ ಕೊಟ್ರೂ ಒಂದೇ, ಸೀಮೆಣ್ಣೆ ಕೊಟ್ರೂ ಒಂದೇ."

ಬುಟ್ಟಿಯೂ ಕಹಿ ಜಾರೂ ಗೋಡೆ ದಾಟಿದವು. ನಂಜುಂಡೇಶ ಸ್ಕೂಟರು ಹತ್ತಿ ಮಾರ್ಕೆಟ್ಟಿಗೆ ಓಡಿದ. ಅಲ್ಲಿ ಬೀರಮ್ಮನೆಂಬ ಮುದುಕಿಯ ಮುಂದೆ ಕೂತು ಒಂದೊಂದೇ ಕಾಯಿ ಮೂಸಿದ. ನಿಂತಿದ್ದವರೂ ಸುಮ್ಮನಿರದೆ ತಾವೂ ಒಂದೊಂದು ಮೂಸಿ ಅಭಿಪ್ರಾಯ ಕೊಟ್ಟರು. ಬೀರಮ್ಮ, "ಎಲ್ಲಾ ಮೂಗ್ನಾಗೇ ಉಂಡ್ಬುಟ್ರೆ ನಾನೇನಪ್ಪ ಮಾರ್ಲಿ?" ಎಂದು ಕೇಳಿದ ಮೇಲೆ, ಸೊಗಡು ಮೂಗಿಗೆ ರಾಚುವಂಥ ಕಾಯಿಯನ್ನೇ ಆರಿಸಿ ತುಂಬಿಸಿಕೊಂಡ.

ಮನೆಗೆ ಬಂದವನಿಗೆ ಹೊಸ ಅನುಮಾನ ಹುಟ್ಟಿತು. ಗೌಡರು ಚಪ್ಪರದಿಂದಲೇ ಕೈಯಾರೆ ಒಂದು ಕಾಯಿ ಕಿತ್ತು ಮೂಸಿದರೆ? ಚಪ್ಪರಕ್ಕೆ ಪೈಪಿನಲ್ಲಿ ನೀರು ಬಿಟ್ಟು ತೊಳೆದ. ಸಾಂಬ್ರಾಣಿ ಹೊಗೆ ಹಾಕಿದ. ಕೈಗೆ ಎಟುಕುವ ಕಡೆಯ ಹಳೆ ಕಾಯಿಗಳನ್ನು ಕಿತ್ತು, ಅಲ್ಲಿಗೆ ಬೀರಮ್ಮನ ಕಾಯಿಗಳನ್ನು ಕಟ್ಟತೊಡಗಿದ. ದಾರ ಸಿಗಲಿಲ್ಲ. ಮಿಕ್ಸಿ ಮೋಟರಿಗೆ ಸುತ್ತುವ ಕೂದಲೆಳೆಯಂಥ ತಾಮ್ರದ ತಂತಿ ಜೇಬಿನಲ್ಲೇ ಇತ್ತು. ಕೈ ಪಳಗಿದ ಕೆಲಸ. ನೋಡಿದವರಿಗೆ ಕಾಯಿ ಅಲ್ಲೇ ಹುಟ್ಟಿದ ಹಾಗೆ ಕಾಣುತ್ತಿತ್ತು.

ಮಧ್ಯಾಹ್ನ ಗೌಡರು ಒಂದು ಎಣ್ಣೆಯ ಕ್ಯಾನು ಹಿಡಿದು ಬಂದಿಳಿದರು. ಕಡ್ಲೆಕಾಯಿ ಎಣ್ಣೆ ಇರಬೇಕೆಂದುಕೊಂಡು ಕೋಮಲಾ ಮರ್ಯಾದೆಯಿಂದ ಅದನ್ನು ನೋಡಿದಳು. ಅವರು ಅದನ್ನು ಕೊಡದೆ ಪಕ್ಕದಲ್ಲೇ ಇಟ್ಟುಕೊಂಡು ಊಟಕ್ಕೆ ಕೂತರು. ಮುದ್ದೆ ಮುರಿದು ಸಾರಿಗೆ ಅದ್ದಿ, ಬಾಯಿಗಿಡುವ ಮುಂಚೆ ಒಂದು ಸಲ ಮೂಸಿದರು. ತಟ್ಟೆ ಖಾಲಿ ಮಾಡಿದರು. ಕೈ ತೊಳೆದು ನೇರ ಹಿತ್ತಲಿಗೆ ನಡೆದರು.

"ಇದೇನ್ಲಾ ಒಗೆ? ಅವರೆ ಗಿಡಕ್ಕೂ ಮಂಗ್ಳಾರ್ತಿ ಎತ್ತೀಯಾ?"

ಸೊಳ್ಳೆಗೆ ಎಂದ ನಂಜುಂಡೇಶ.

"ಉಳುಕ್ಕೆ ಏನ್ ಒಡೀತೀಯಾ? ಎಣ್ಣೆ ಗಿಣ್ಣೆ ಏನಾರ?"

ನಂಜುಂಡೇಶ ಅವಸರದಲ್ಲಿ ಕೈಯಾಡಿಸಿದ. "ದೇವ್ರಾಣೆ ಇಲ್ಲ ಗೌಡ್ರೆ. ಒಂದ್ ತೊಟ್ಟು ಎಣ್ಣೆ ಸೋಕ್ಸಿಲ್ಲ."

ಗೌಡರ ಮುಖ ಯಾಕೋ ಬಾಡಿತು. ಸುಮ್ಮನೆ ಒಂದು ಕಾಯಿಗೆ ಕೈ ಹಾಕಿ ಎಳೆದರು. ಕಾಯಿ ಬರಲಿಲ್ಲ, ಚಪ್ಪರವೇ ಬಗ್ಗಿತು. ಕನ್ನಡಕ ಹಾಕಿಕೊಂಡು ತೊಟ್ಟಿನ ಹತ್ತಿರ ನೋಡಿದರು.

"ಕಾಯಿಗೆ ಕರೆಂಟ್ ಕೊಟ್ಟಿದ್ದೀಯೇನಯ್ಯಾ?"

ಗಾಳಿಗೆ ಉದುರದಿರಲಿ ಅಂತ ಕಟ್ಟಿದ್ದು ಎಂದು ನಂಜುಂಡೇಶ ವಿವರಿಸುವಷ್ಟರಲ್ಲಿ ಗೌಡರು ಕಾಯಿಯನ್ನು ತಿರುಚಿ ಕಿತ್ತು ಮೂಗಿಗೆ ಹಿಡಿದಿದ್ದರು. ಕಣ್ಣು ಮುಚ್ಚಿದರು. ತೆರೆದರು.

"ಇದು ನನ್ ವಲದ್ ಕಾಯಿ ಕಣಯ್ಯಾ. ಕೆರೆ ಏರಿ ಕೆಳುಗ್ಲು ತಾಕಿಂದು. ಮೊನ್ನೆ ತಾನೆ ಅಂಗಡಿ ಔಸ್ದಿ ಒಡ್ಸಿದ್ದೀನಿ. ಅದುಕ್ಕೆ ನಾನು ಅದುನ್ನ ತಿನ್ನಕಿಲ್ಲ, ಮಾರ್ತೀನಿ ಅಷ್ಟೆ. ನೀನು ನಂಗೇ ತಿನ್ನಿಸ್ಬುಟ್ಟಲ್ಲೋ."

ನಿಧಾನವಾಗಿ ವಿಷಯ ಹೊರಬಂತು. ನಿಮ್ಮ ಪಟ್ಟಣದ ಮನೆಯ ಬಾಡಿಗೆಯವರು ಯಾರೋ ಅವರೆಗೆ ಹೊಡೆಯಲು ಬೇವಿನೆಣ್ಣೆ ಕೊಂಡುಹೋದರು ಎಂದು ಗಾಣದವನು ಗೌಡರಿಗೆ ಹೇಳಿದ್ದನಂತೆ. ಎಣ್ಣೆಗೆ ಹುಳ ಸಾಯುವುದು ನಿಜವೇ, ಕಾಯಿ ತಿನ್ನಲು ಹೇಗಿರುತ್ತದೆ, ಕಣ್ಣಾರೆ ನೋಡಬೇಕು ಎಂಬ ಕುತೂಹಲ ಹತ್ತಿ, ಆ ಪುಣ್ಯಾತ್ಮನಿಗೇ ಹಿತ್ತಲು ಬಿಡುವುದೆಂದು ತೀರ್ಮಾನಿಸಿ ಬಂದಿದ್ದರು. ಕ್ಯಾನಿನಲ್ಲಿದ್ದದ್ದೂ ಬೇವಿನೆಣ್ಣೆಯೇ.

"ಅದು ನಾನೇ ಗೌಡ್ರೆ," ಎಂದ ನಂಜುಂಡೇಶ.

"ಈಗ್ತಾನೆ ದೇವ್ರಾಣೆ ಅಂದ್ಯಲ್ಲಪ್ಪ."

ಅಷ್ಟರಲ್ಲಿ ಪಕ್ಕದ ಅಡಿಗೆಮನೆಯಿಂದ ಒಂದು ಗಾಳಿ ಬೀಸಿತು. ಗೌಡರ ಮೂಗು ತಾನೇ ಮುಂದೆ ಹೊರಟಿತು, ಗೌಡರು ಹಿಂದೆ ಹೋದರು. ಆಶಾರಾಣಿಯ ಒಲೆಯ ಮೇಲೆ ಅವರೆಕಾಳು ಕುದಿಯುತ್ತಿತ್ತು. ಬುಟ್ಟಿಯಲ್ಲಿ ಕಾಯಿ, ಕಟ್ಟೆಯ ಮೇಲೆ ಜಾರು. ಜಾರು ಮೂಸಿದರು. ಒಂದು ಕಾಳು ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, ಸಂತೋಷದಿಂದ ತಲೆಯಾಡಿಸಿದರು.

"ಇದು ಬೇವು. ಎಣ್ಣೆ ಒಡೆದೋಳು ನೀನೇನವ್ವಾ? ನಿಂಗೇ ಇತ್ಲು."

ಆ ಜಾರು ನಮ್ಮದು ಎಂದು ಕೋಮಲಾ ಕೂಗಿದಳು. ಹಾಗಾದರೆ ನಿಮ್ಮನೆಯಲ್ಲಿರುವ ಜಾರು ಯಾರದು ಎಂದು ಗೌಡರು ಕೇಳಿದರು. ಅದು ಆಶಾರಾಣಿಯದು ಎನ್ನಬೇಕಾಯಿತು. ಗೌಡರು ನಕ್ಕರು. ಆಶಾರಾಣಿ ಬಾಗಿಲಲ್ಲಿ ನಿಂತಿದ್ದ ಗಂಡನ ಮುಖ ನೋಡಿದಳು, ಕಿಟಕಿಯಾಚೆ ಹಿತ್ತಲು ನೋಡಿದಳು, ಮೂಗು ಸುರ್ ಎಂದು ಎಳೆದುಕೊಂಡು, "ಎಲ್ಲಾ ನಮ್ಮನೇಲೇ ಐತಲ್ಲ ಗೌಡ್ರೆ," ಎಂದಳು. ಸುಳ್ಳೇನೂ ಅಲ್ಲ.

ಗೌಡರು ಕ್ಯಾನನ್ನು ಅವಳ ಕೈಗಿಟ್ಟರು. ಇನ್ನು ಮೇಲೆ ಹಿತ್ತಲು ಪೂರ್ತಿ ಅವರೆ ಹಾಕಬೇಕು, ವಾರಕ್ಕೊಂದು ಸಲ ಎಣ್ಣೆ ಹೊಡೆಯಬೇಕು, ನಾನು ಬಂದು ಮೂಸಿ ನೋಡುತ್ತೇನೆ, ಕಾರು ಗೀರು ಅಂತ ಯಾರಾದರೂ ಆ ಕಡೆ ಚಕ್ರ ಇಟ್ಟರೆ ಮನೆ ಖಾಲಿ ಎಂದು ಹೇಳಿ ಬಸ್ಸಿಗೆ ಹೊರಟರು. ರಂಗಸ್ವಾಮಿ ಹೆಂಡತಿಯನ್ನು ನೋಡಿದ ನೋಟಕ್ಕೆ ಸಾರು ತಣ್ಣಗಾಯಿತು.

ಇನ್ನು ಈ ಜನ್ಮದಲ್ಲಿ ಆ ಮನೆಯವರ ಜೊತೆ ಮಾತಿಲ್ಲ ಎಂದು ನಂಜುಂಡೇಶ ಶಪಥ ಮಾಡಿದ. ಸಂಜೆ ಗೋಡೆಯ ಮೇಲೆ ತಲೆ ಮೂಡಿತು.

"ನಂಜುಂಡೇಶಣ್ಣ, ಈ ಎಣ್ಣೆ ನೀರ್ಗೆ ಸೇರ್ತಾನೇ ಇಲ್ವಲ್ಲ."

ನಂಜುಂಡೇಶನಿಗೆ ಶಪಥ ನೆನಪಿತ್ತು. ಎರಡು ಉಸಿರಿನವರೆಗೆ ತಡೆದುಕೊಂಡ.

"ಸೋಪ್ ಆಕುದ್ರಾ?"

"ಆಕ್ದೆ."

"ನೀರು ಉಗುರು ಬೆಚ್ಚಗಿತ್ತಾ?"

"ಇಲ್ಲ, ನಲ್ಲಿದೇ."

"ಈ ಚಳಿಗೆ ಎಣ್ಣೆ ಗಟ್ಟಿಯಾಗ್ಬುಡ್ತದೆ ತಾಯಿ. ಬೆಚ್ಚಗ್ ಮಾಡಿ, ಅರ್ಧ ಜಾರು ಮಾತ್ರ ಆಕಿ ತಿರುಗ್ಸಿ."

"ತುಂಬಾ ಆಕ್ಬುಟ್ಟಿದ್ದೀನಲ್ಲ," ಎನ್ನುತ್ತಾ ತಲೆ ಮಾಯವಾಯಿತು.

ಸ್ವಲ್ಪ ಹೊತ್ತಿಗೆ ಆಚೆಯಿಂದ ರೊಯ್ಯೆಂದು ಸದ್ದು ಎದ್ದಿತು, ಗೊರಗೊರ ಅಂದಿತು, ನಿಂತಿತು. ಸುಟ್ಟ ವಾಸನೆ ಬಂತು. ಎಣ್ಣೆ ಸುರಿಯುತ್ತಿದ್ದ ಒಂದು ಮಿಕ್ಸಿ, ಯಾರ ಕೈಯೂ ಕಾಣದಂತೆ, ಮೆಲ್ಲಗೆ ಗೋಡೆ ಹತ್ತಿ ಈಚೆಗೆ ಇಳಿಯಿತು. ನಂಜುಂಡೇಶ ಅದನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. ತಲೆಕೆಳಗು ಮಾಡಿ, ಜೇಬಿನಿಂದ ಸ್ಕ್ರೂಡ್ರೈವರು ತೆಗೆದು, ಒಳಗೆ ಏನಾಗಿದೆಯೋ ನೋಡೋಣ ಎಂದು ಮೊದಲ ತಿರುಪು ಬಿಚ್ಚಿದ.